ಸಾವಿರ ಸಲ ಬರೆದರೂ ಅದೇ ಉತ್ತರ ಬರಬೇಕು

ಬೇಸಿಗೆಯಲ್ಲಿ ಬೈಲಹೊಂಗಲ ತಾಲೂಕಿನ ಸಂಪಗಾಂವ ಕಡೆ ಹೋದರೆ ಎರೆ ಹೊಲದ ತುಂಬ ಬಿರುಕು. ಮುರಕಲ್ಲಿನ ಕೆಂಪು ಮಣ್ಣಲ್ಲಿ ಬೆಳೆದ ನಮ್ಮ ಕರಾವಳಿಯವರಿಗೆ ಅದು ಹೊಸ ನೋಟ. ಮಳೆ ಬಿತ್ತೆಂದರೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಬಿರಿಯುತ್ತದೆ. ಆದರೆ ಕಳೆದ ವರ್ಷದ ಜಾಗದಲ್ಲೇ, ಅಷ್ಟೇ ಆಳಕ್ಕೆ ಬಿರಿಯುತ್ತದೆಂದು ಯಾವ ರೈತನೂ ಹೇಳಲಾರ.

ಮಿದುಳಿನಂತಹ ಕಂಪ್ಯೂಟರ್ ಮಾಡಲು ಹೊರಟ ವಿಜ್ಞಾನಿಗಳ ತಲೆನೋವೂ ಹೆಚ್ಚುಕಡಿಮೆ ಇದೇ.

ಈಗಿನ ಕಂಪ್ಯೂಟರ್‌ನಲ್ಲಿ ಲೆಕ್ಕ ಮಾಡುವ ಜಾಗ ಬೇರೆ, ನೆನಪಿಡುವ ಜಾಗ ಬೇರೆ. ಮಾಹಿತಿ ಅತ್ತಿಂದಿತ್ತ ಓಡಾಡುವುದರಲ್ಲೇ ಬಹಳಷ್ಟು ಕರೆಂಟು ಖರ್ಚಾಗುತ್ತದೆ. ನಮ್ಮ ಮಿದುಳು ಹಾಗಲ್ಲ. ನೆನಪೂ ಲೆಕ್ಕವೂ ಒಂದೇ ಕಡೆ. ಖರ್ಚು ಸುಮಾರು 20 ವ್ಯಾಟ್, ಒಂದು ಸಣ್ಣ ಬಲ್ಬಿನಷ್ಟು.

ಅದನ್ನು ಅನುಕರಿಸಲು ಸಿಕ್ಕ ದಾರಿ 'ಮೆಮ್ರಿಸ್ಟರ್'. ಇಂಥದ್ದೊಂದು ಇರಬೇಕೆಂದು 1971ರಲ್ಲೇ ಲಿಯಾನ್ ಚುವಾ ಲೆಕ್ಕ ಹಾಕಿ ತೋರಿಸಿದ್ದರು. 2008ರಲ್ಲಿ ಎಚ್‌ಪಿ ಕಂಪನಿಯ ಸ್ಟ್ಯಾನ್ಲಿ ವಿಲಿಯಮ್ಸ್ ತಂಡ ಟೈಟಾನಿಯಂ ಡೈಆಕ್ಸೈಡಿನ ತೆಳು ಪದರದಲ್ಲಿ ಅದನ್ನು ಕಂಡೆವೆಂದು ಪ್ರಕಟಿಸಿತು.

ಕೆಲಸ ಹೀಗೆ: ಎರಡು ಲೋಹಗಳ ನಡುವೆ ಆಕ್ಸೈಡ್ ಪದರ. ವೋಲ್ಟೇಜ್ ಕೊಟ್ಟರೆ ಆಕ್ಸಿಜನ್ ಕಣಗಳು ಜರುಗಿ, ಅವು ಬಿಟ್ಟ ಖಾಲಿ ಜಾಗಗಳು ಸಾಲುಗೂಡಿ ಕರೆಂಟಿಗೆ ಎಳೆಯಂಥ ದಾರಿಯಾಗುತ್ತದೆ. ತಿರುಗಿಸಿ ಕೊಟ್ಟರೆ ದಾರಿ ಕಡಿಯುತ್ತದೆ. ದಾರಿ ಇದ್ದರೆ 'ಒಂದು', ಕಡಿದರೆ 'ಸೊನ್ನೆ'. ಕರೆಂಟು ತೆಗೆದರೂ ನೆನಪು ಉಳಿಯುತ್ತದೆ.

ಹಾಗಾದ್ರೆ ಸಮಸ್ಯೆ ಎಲ್ಲಿ? ಎರೆ ಹೊಲದ ಬಿರುಕಿನಂತೆ ಈ ಎಳೆಯೂ ಪ್ರತಿ ಸಲ ಒಂದೇ ರೀತಿ ಮೂಡುವುದಿಲ್ಲ. ಒಮ್ಮೆ ದಪ್ಪ, ಒಮ್ಮೆ ಸಪೂರ. ಬರೀ ಒಂದು-ಸೊನ್ನೆ ಇಡುವುದಾದರೆ ಅಡ್ಡಿಯಿಲ್ಲ. 2013ರಲ್ಲೇ ಪ್ಯಾನಸಾನಿಕ್ ಇಂತಹ ಮೆಮೊರಿಯಿದ್ದ ಚಿಪ್ ಮಾರುಕಟ್ಟೆಗೆ ತಂದಿತ್ತು. ಮಿದುಳಿನಂತೆ ಕಲಿಯಬೇಕಾದರೆ ಸೊನ್ನೆ ಮತ್ತು ಒಂದರ ನಡುವೆ ಹತ್ತಾರು, ನೂರಾರು ಮೆಟ್ಟಿಲು ಬೇಕು. ಮೆಟ್ಟಿಲು ಅಲುಗಾಡಿದರೆ ಉತ್ತರ ತಪ್ಪು. ಎದೆಬಡಿತ ನೋಡುವ ಯಂತ್ರದಲ್ಲಿ ಹಾಗಾದರೆ ಅದು ಸಣ್ಣ ತಪ್ಪಲ್ಲ.

2023ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ತಂಡವೊಂದು ಬೇರೆ ಹಾದಿ ಹಿಡಿಯಿತು. ಹಾಫ್ನಿಯಂ ಆಕ್ಸೈಡಿಗೆ ಬೇರಿಯಂ ಸೇರಿಸಿದಾಗ ಪದರದಲ್ಲಿ ಸೇತುವೆಗಳಂಥ ರಚನೆ ಉಂಟಾಯಿತು. ಎಳೆ ಮೂಡಲಿ, ಕಡಿಯಲಿ ಎಂದು ಕಾಯುವ ಬದಲು, ಸೇತುವೆ ಲೋಹಕ್ಕೆ ತಾಗುವಲ್ಲಿರುವ ತಡೆಯನ್ನೇ ಏರಿಸಿ ಇಳಿಸಿದರು. ಫಲಿತಾಂಶ ಹೆಚ್ಚು ಏಕರೂಪವಾಗಿ ಬಂತು.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಮತ್ತವರ ತಂಡದ ಸಂಶೋಧನೆ 2024ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅವರದು ಆಕ್ಸೈಡ್ ಅಲ್ಲ, ಅಣುಗಳ ತೆಳು ಪದರ. ಅದರಲ್ಲಿ ಸುಮಾರು 16,500 ಮೆಟ್ಟಿಲುಗಳನ್ನು ಬಿಡಿಬಿಡಿಯಾಗಿ ಗುರುತಿಸಿದರು. ವಸ್ತು ಬೇರೆಯಾದರೂ ಹುಡುಕಾಟ ಒಂದೇ: ಹೇಳಿದಲ್ಲಿಗೇ ಬಂದು ನಿಲ್ಲುವ ಮೆಮೊರಿ.

ಇದು ಕೈಗೂಡಿದರೆ ಲಾಭ ದೊಡ್ಡ ಕಂಪನಿಗಳಿಗಷ್ಟೇ ಅಲ್ಲ. ನೆಟ್‌ವರ್ಕ್ ಸಿಗದ ಹೊಲದ ಬದುವಿನಲ್ಲೂ ಹತ್ತಿ ಎಲೆಯ ರೋಗವನ್ನು ಅಲ್ಲೇ ಗುರುತಿಸುವ, ಸಣ್ಣ ಬ್ಯಾಟರಿಯಲ್ಲಿ ನಡೆಯುವ ಯಂತ್ರ ಬರಬಹುದು. ಮಾಹಿತಿ ದೂರದ ಸರ್ವರ್‌ಗೆ ಹೋಗಬೇಕಿಲ್ಲ.

ನಮ್ಮ ಮಕ್ಕಳಲ್ಲಿ ಎಂಜಿನಿಯರಿಂಗ್ ಅಂದ್ರೆ ಸಾಫ್ಟ್‌ವೇರ್ ಎಂದುಕೊಂಡವರೇ ಜಾಸ್ತಿ. ಈ ಕೆಲಸಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದವರೂ ಬೇಕು. ಇನ್ನು ಮುಂದೆ 'ಮಿದುಳಿನಂತಹ ಕಂಪ್ಯೂಟರ್ ಬಂತು' ಎಂಬ ಸುದ್ದಿ ಓದಿದಾಗ ಎಷ್ಟು ವೇಗ ಎಂದಷ್ಟೇ ಕೇಳಿ ಬಿಡಬೇಡಿ. ಸಾವಿರನೇ ಸಲವೂ ಅದೇ ಉತ್ತರ ಕೊಡುತ್ತದಾ ಎಂದು ಕೇಳಿ.