ಪ್ಲಗ್ ಸುಡುತ್ತಿದೆ, ಆದರೆ ಬ್ರೇಕರ್ ಟ್ರಿಪ್ ಆಗಿಲ್ಲ: ಹಾಗಾದರೆ ಅಪಾಯವಿಲ್ಲವೇ?

ಅಮೆರಿಕದಲ್ಲಿ ಬೇಸಿಗೆ ರಜೆ ಬಂತೆಂದರೆ ಟ್ರಾವೆಲ್ ಟ್ರೇಲರ್‌ಗಳ ಓಡಾಟ ಶುರು. ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಪುಟ್ಟ ಮನೆ ಇದು. ಅಲ್ಲಿ ನೆಲೆಸಿರುವ ಕನ್ನಡಿಗರೂ ಬಾಡಿಗೆಗೆ ಪಡೆದು ಹೋಗುವುದುಂಟು. ಕ್ಯಾಂಪ್‌ಗ್ರೌಂಡಿನಲ್ಲಿ ಟ್ರೇಲರ್ ನಿಲ್ಲಿಸುವ ಜಾಗದ ಪಕ್ಕ ಕರೆಂಟ್ ಪೆಟ್ಟಿಗೆಯ ಗಿಡ್ಡ ಕಂಬವಿರುತ್ತದೆ. ದಪ್ಪ ಕೇಬಲ್ಲನ್ನು ಅದಕ್ಕೆ ಸಿಕ್ಕಿಸಿದರೆ ಒಳಗೆ ಎಸಿ, ಮೈಕ್ರೋವೇವ್ ಎಲ್ಲ ನಡೆಯುತ್ತವೆ. ಒಂದೆರಡು ಗಂಟೆ ಬಿಟ್ಟು ನೋಡಿದರೆ ಕೆಲವೊಮ್ಮೆ ಪ್ಲಗ್ ಕೈ ಇಡಲಾಗದಷ್ಟು ಬಿಸಿ! "ಬ್ರೇಕರ್ ಟ್ರಿಪ್ ಆಗಿಲ್ಲ ತಾನೇ, ಏನೂ ಆಗಲ್ಲ ಬಿಡಿ" ಎನ್ನುವವರು ಆಗ ಸಿಕ್ಕೇ ಸಿಗುತ್ತಾರೆ.

ಈ ಮಾತು ತಪ್ಪು. ಬ್ರೇಕರ್ ಗಮನಿಸುವುದು ತನ್ನ ಮೂಲಕ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದನ್ನು. ಪ್ಲಗ್ಗಿನ ಕಾಲು ಕಾದಿದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. 30 ಆಂಪ್ ಬ್ರೇಕರ್ 25 ಆಂಪ್ ಹರಿದರೆ ಸುಮ್ಮನಿರುತ್ತದೆ, ಅಷ್ಟರಲ್ಲೇ ಸಾಕೆಟ್ ಕರಗಿ ಹೋಗಬಹುದು.

ಅದು ಹೇಗೆ? ಸಾಕೆಟ್ ಒಳಗಿನ ಲೋಹದ ಹಿಡಿಕೆ ಸಡಿಲವಾದಾಗ ಅಥವಾ ಕಿಲುಬು ಹಿಡಿದಾಗ ಆ ಜಾಗದಲ್ಲಿ ಕರೆಂಟಿಗೆ ಅಡ್ಡಿ, ಅಂದರೆ ರೆಸಿಸ್ಟೆನ್ಸ್, ಹೆಚ್ಚುತ್ತದೆ. ಅಲ್ಲಿ ಕೇವಲ 0.1 ಓಂ ಅಡ್ಡಿಯಿದ್ದು 25 ಆಂಪ್ ಹರಿದರೂ 62.5 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಸೋಲ್ಡರಿಂಗ್ ಐರನ್ನನ್ನು ಪ್ಲಗ್ಗಿನೊಳಗೆ ಇಟ್ಟಂತೆ! ಕಾದ ಲೋಹದ ಬಿಗಿ ಮತ್ತಷ್ಟು ಸಡಿಲವಾಗುತ್ತದೆ, ಅದರಿಂದ ಶಾಖ ಇನ್ನೂ ಏರುತ್ತದೆ.

ಕ್ಯಾಂಪ್‌ಗ್ರೌಂಡಿನಲ್ಲಿ ಈ ತೊಂದರೆ ಹೆಚ್ಚು. ಬಿಸಿಲು ಮಳೆಯಲ್ಲಿ ನಿಂತ ಸಾಕೆಟ್ಟಿಗೆ ಕೆಲವೇ ದಿನಕ್ಕೊಮ್ಮೆ ಹೊಸಬರ ಪ್ಲಗ್ ಬೀಳುತ್ತದೆ. ಹಲವರು ಬ್ರೇಕರ್ ಆಫ್ ಮಾಡದೆಯೇ ಎಳೆಯುತ್ತಾರೆ. ಆಗ ಹಾರುವ ಕಿಡಿ ಲೋಹವನ್ನು ತಿನ್ನುತ್ತದೆ. ಜೊತೆಗೆ ಅಲ್ಲಿನ ಕರೆಂಟ್ 120 ವೋಲ್ಟ್. 1,500 ವ್ಯಾಟ್ ಹೀಟರ್ ನಮ್ಮ 230 ವೋಲ್ಟಿನಲ್ಲಿ ಸುಮಾರು 6.5 ಆಂಪ್ ಎಳೆದರೆ ಅಲ್ಲಿ 12.5 ಆಂಪ್ ಎಳೆಯುತ್ತದೆ.

30 ಆಂಪ್ ಸಂಪರ್ಕದಿಂದ ಸಿಗುವುದು ಹೆಚ್ಚೆಂದರೆ 3,600 ವ್ಯಾಟ್. ಗಂಟೆಗಟ್ಟಲೆ ಎಳೆಯುವುದಾದರೆ 24 ಆಂಪ್ ದಾಟಬಾರದು. ಎಸಿಗೆ ಸುಮಾರು 13 ಆಂಪ್, ನೀರು ಕಾಯಿಸುವ 1,440 ವ್ಯಾಟ್ ಹೀಟರಿಗೆ 12 ಆಂಪ್. ಎರಡೇ ಸಾಕು, ಮಿತಿ ಮೀರಿತು. ಮೈಕ್ರೋವೇವ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಪ್ಲಗ್ಗಿನ ಹೊರಗಿನ ರಬ್ಬರನ್ನು ಆಗಾಗ ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ, ಮೊದಲು ಎಸಿ ಮತ್ತು ಹೀಟರ್ ಆಫ್ ಮಾಡಿ. ನಂತರ ಕಂಬದ ಬ್ರೇಕರ್ ಆಫ್ ಮಾಡಿ. ತಣ್ಣಗಾದ ಮೇಲೆಯೇ ಪ್ಲಗ್ ತೆಗೆಯಿರಿ. ಹೊಗೆ ಅಥವಾ ಬೆಂಕಿ ಕಂಡರೆ ಹತ್ತಿರ ಹೋಗಬೇಡಿ. ಎಲ್ಲರನ್ನೂ ಟ್ರೇಲರಿನಿಂದ ಹೊರಗೆ ಕರೆದು 911ಕ್ಕೆ ಫೋನ್ ಮಾಡಿ.

ಪ್ಲಗ್ಗಿನ ಕಾಲು ಕಪ್ಪಾಗಿದ್ದರೆ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಇದನ್ನು ನಾವು ಖಂಡಿತ ಒಪ್ಪುವುದಿಲ್ಲ. ಸುಟ್ಟ ಪ್ಲಗ್ ಒಳ್ಳೆಯ ಸಾಕೆಟ್ಟನ್ನೂ ಹಾಳು ಮಾಡುತ್ತದೆ, ಸುಟ್ಟ ಸಾಕೆಟ್ ಒಳ್ಳೆಯ ಪ್ಲಗ್ಗನ್ನೂ ಬಿಡುವುದಿಲ್ಲ. ಪ್ಲಗ್ ಬದಲಿಸಿ, ಕ್ಯಾಂಪ್‌ಗ್ರೌಂಡ್ ಕಚೇರಿಗೆ ತಿಳಿಸಿ ಬೇರೆ ಜಾಗ ಕೇಳಿ. ಮುಂದಿನ ಕುಟುಂಬವೂ ಅದೇ ಸಾಕೆಟ್ ಬಳಸುತ್ತದೆ, ಹಾಗಾಗಿ ಹೇಳದೆ ಹೊರಡಬೇಡಿ.

ಪ್ಲಗ್, ಸಾಕೆಟ್ ಎರಡೂ ಚೆನ್ನಾಗಿದ್ದು ಬಿಸಿ ಮಾತ್ರ ಹೆಚ್ಚಿದ್ದರೆ ಬಳಕೆ ತಗ್ಗಿಸಿ. ಕರೆಂಟ್ ಅರ್ಧಕ್ಕೆ ಇಳಿದರೆ ಸಂಪರ್ಕದಲ್ಲಿ ಹುಟ್ಟುವ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ನೀರು ಕಾಯಿಸಲು ಟ್ರೇಲರಿನ ಗ್ಯಾಸ್ ಬಳಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಹೆಚ್ಚುವರಿ ಕೇಬಲ್ಲನ್ನು ಸುರುಳಿ ಸುತ್ತಿ ಇಡಬೇಡಿ, ಶಾಖ ಹೊರಹೋಗದು. ಮನೆಯ ತೆಳ್ಳಗಿನ ಎಕ್ಸ್‌ಟೆನ್ಷನ್ ವೈರ್ ಅಂತೂ ಬೇಡವೇ ಬೇಡ.

ಊರಿನಲ್ಲಿ ಗೀಸರ್ ಪ್ಲಗ್ ಕಂದು ಬಣ್ಣಕ್ಕೆ ತಿರುಗುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಅಲ್ಲೂ ಎಂಸಿಬಿ ಬೀಳುವುದಿಲ್ಲ.