ಕಪಾಟಿನೊಳಗೊಂದು ಬೆಳಕು

ಅಂಗಡಿಯಲ್ಲಿ ಸೀರೆ ಆರಿಸಿದ ಗಿರಾಕಿ ಅದನ್ನು ಬಾಗಿಲ ತನಕ ಒಯ್ದು ಹಗಲು ಬೆಳಕಿಗೆ ಹಿಡಿದು ನೋಡುವುದು ಅರಿವೆ ವ್ಯಾಪಾರದ ಬಂಧುಗಳಿಗೆಲ್ಲ ಗೊತ್ತಿದ್ದ ಸಂಗತಿ. ಮಂದ ದೀಪದಲ್ಲಿ ಕಡುನೀಲಿಯೂ ಕಪ್ಪಾಗಿ ಕಾಣುತ್ತದೆ. ಅದಕ್ಕೆಂದೇ ನಾವು ಅಂಗಡಿಯ ಶೋಕೇಸಿಗೆ ಒಳ್ಳೆಯ ದೀಪ ಹಾಕಿಸುತ್ತೇವೆ. ಮನೆಯ ಕಪಾಟಿನ ಮಾತು ಬಂದರೆ ಮಾತ್ರ ದೀಪದ ಬುಡದಲ್ಲಿ ಕತ್ತಲು!

ಕಪಾಟಿನ ಮುಂದೆ ನಿಂತಾಗ ಕೋಣೆಯ ದೀಪ ನಮ್ಮ ಬೆನ್ನಿಗಿರುತ್ತದೆ, ನಮ್ಮ ನೆರಳೇ ಒಳಗೆ ಬೀಳುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಹಳೆಯ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಕಡಿಮೆ. ಗೋಡೆಯೊಳಗಿನ ಕಪಾಟಿನಲ್ಲಿ ನಡುಹಗಲಲ್ಲೂ ಕೈ ತಡಕಾಡಬೇಕು. ಬೆಳಗಿನ ಜಾವ ಬಸದಿಗೆ ಹೊರಡುವ ಹಿರಿಯರಿಗಂತೂ ಇದು ದಿನದ ಪಾಡು. ನೋಡಿ ತೆಗೆಯಬೇಕು, ನೋಡಿ ಇಡಬೇಕು ಎಂಬುದು ನಮ್ಮಲ್ಲಿ ಆದಾನ ನಿಕ್ಷೇಪಣ ಸಮಿತಿಯ ಮಾತೇ ಆಗಿದೆ. ಮುನಿಗಳಿಗೆ ಹೇಳಿದ ಆ ಎಚ್ಚರ ಗೃಹಸ್ಥರಿಗೂ ಒಳ್ಳೆಯದೇ. ಹುಳು ಸೇರಿದ್ದು ಕಣ್ಣಿಗೆ ಬಿದ್ದರೆ ಅರಿವೆ ಕೊಡವಿ ಬಿಸಿಲಿಗೆ ಹಾಕಬಹುದು. ಕಾಣದಿದ್ದರೆ ಅದರ ಮೇಲೇ ಮಡಿಕೆ ಹೇರುತ್ತೇವೆ.

ಈ ದೀಪವನ್ನು ಮನೆಯವರೇ ಒಂದು ಮಧ್ಯಾಹ್ನದಲ್ಲಿ ಕೂಡಿಸಬಹುದು. ಆದರೆ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹಿಡಿಯಬೇಕು.

ಕಪಾಟಿನೊಳಗೆ 230 ವೋಲ್ಟ್ ಬೇಡ

ಕಪಾಟೆಂದರೆ ಅರಿವೆ ತುಂಬಿದ, ಗಾಳಿಯಾಡದ ಪೆಟ್ಟಿಗೆ. ಹಳೆಯ ಮಾದರಿಯ ತಂತಿಬಲ್ಬು ತಿನ್ನುವ ವಿದ್ಯುತ್ತಿನ ಬಹುಪಾಲು ಬೆಳಕಾಗದೆ ಶಾಖವಾಗುತ್ತದೆ. ಅದರ ಗಾಜಿಗೆ ಸೆರಗು ತಗುಲಿ ಬಾಗಿಲು ಮುಚ್ಚಿಕೊಂಡರೆ ಒಳಗೇನಾಯಿತೆಂದು ಹೊರಗಿನವರಿಗೆ ತಿಳಿಯುವುದು ಹೊಗೆ ಬಂದ ಮೇಲೆಯೇ. ನಮ್ಮಲ್ಲಿ ಎಷ್ಟೋ ಮನೆತನಗಳಿಗೆ ಕೆಳಗೆ ಅಂಗಡಿ, ಮೇಲೆ ಮನೆ. ಮೇಲಿನ ಕಪಾಟಿಗೆ ಬಿದ್ದ ಕಿಡಿ ಕೆಳಗಿನ ದಾಸ್ತಾನಿಗೂ ಇಳಿಯುತ್ತದೆ.

ಆದ್ದರಿಂದ ಒಳಗೆ ಹೋಗುವುದು ಬ್ಯಾಟರಿ ದೀಪ, ಇಲ್ಲವೆ 12 ವೋಲ್ಟಿನ ಎಲ್‌ಇಡಿ ಪಟ್ಟಿ ಮಾತ್ರ. ಬಲ್ಬು, ಟ್ಯೂಬ್, ಎಕ್ಸ್‌ಟೆನ್ಷನ್ ಬೋರ್ಡು ಒಳಗೆ ಕೂಡದು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ಬಲ್ಬು ಉರಿಸಿಡುವುದೂ ಬೇಡ. ಎಲ್‌ಇಡಿಯಿಂದ ತೇವ ಆರುವುದಿಲ್ಲ. ಕಾಸರಗೋಡು, ವೈನಾಡಿನಂಥ ಮಳೆನಾಡಿನ ಬಂಧುಗಳು ಅದಕ್ಕೆ ಬಿಸಿಲು ಗಾಳಿಯನ್ನೇ ನಂಬಬೇಕು.

ಕಬ್ಬಿಣದ ಕಪಾಟಿಗೆ

ಕಬ್ಬಿಣದ ಕಪಾಟಿಗೆ ಮತ್ತು ಬಾಡಿಗೆ ಮನೆಗೆ ಚಾರ್ಜ್ ಮಾಡುವ ಸೆನ್ಸರ್ ದೀಪ ಸಾಕು. ಹಿಂಬದಿಗೆ ಅಯಸ್ಕಾಂತ ಇದ್ದದ್ದನ್ನು ಕೇಳಿ ಕೊಳ್ಳಿರಿ. ತೂತು ಹೊಡೆಯದೆ ತಗಡಿಗೆ ಅಂಟಿಕೊಳ್ಳುತ್ತದೆ. ಕೈ ಆಡಿದರೆ ಹೊತ್ತುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನೇ ಆರುತ್ತದೆ. ಚಾರ್ಜ್ ಮಾಡುವಾಗ ಹೊರಗೆ ತೆಗೆದು ಕಣ್ಣೆದುರಿಗೇ ಇಡಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

ಮರದ ಕಪಾಟಿಗೆ

ಮರ ಅಥವಾ ಪ್ಲೈವುಡ್ ಕಪಾಟಿಗೆ ಎಲ್‌ಇಡಿ ಪಟ್ಟಿ ಚೆನ್ನ. ಬೇಕಾದವು: 12 ವೋಲ್ಟಿನ ಪಟ್ಟಿ, ಅದು ಕೂಡುವ ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಚಾನೆಲ್, ಬಿಐಎಸ್ ಗುರುತಿನ ಅಡಾಪ್ಟರ್, ಬಾಗಿಲು ತೆರೆದಾಗ ಮಾತ್ರ ದೀಪ ಹೊತ್ತಿಸುವ 12 ವೋಲ್ಟಿನ ಸ್ವಿಚ್, ವಾಯರ್ ಕ್ಲಿಪ್ಪು, ಕತ್ತರಿ, ಅಳತೆ ಟೇಪು, ಡ್ರಿಲ್.

ಮೊದಲು ಲೆಕ್ಕ. ಆರು ಅಡಿ ಎತ್ತರದ ಕಪಾಟಿನ ಎರಡೂ ಪಕ್ಕಕ್ಕೆ ಸುಮಾರು 3.6 ಮೀಟರ್ ಪಟ್ಟಿ ಬೇಕು. ಮೀಟರಿಗೆ 4.8 ವ್ಯಾಟಿನ ಪಟ್ಟಿಯಾದರೆ ಒಟ್ಟು 17 ವ್ಯಾಟ್ ಚಿಲ್ಲರೆ. ಅಡಾಪ್ಟರಿಗೆ ಕಾಲುಭಾಗದಷ್ಟು ಹೆಚ್ಚು ಶಕ್ತಿ ಇರಲಿ. 12 ವೋಲ್ಟ್, 2 ಆಂಪಿಯರ್, ಅಂದರೆ 24 ವ್ಯಾಟಿನದು ಸರಿಹೋಗುತ್ತದೆ. ಹೆಚ್ಚು ವ್ಯಾಟಿನ ಪಟ್ಟಿ ಕೊಂಡರೆ ಈ ಲೆಕ್ಕ ಮತ್ತೆ ಹಾಕಬೇಕು.

ಇನ್ನು ಬೆಳಕಿನ ಬಣ್ಣ. 3000 ಕೆಲ್ವಿನ್ ಎಂದಿದ್ದರೆ ಹಳದಿ ಛಾಯೆ, 4000 ನಡುವಿನದು, 6500 ಎಂದರೆ ನೀಲಿಛಾಯೆಯ ಬಿಳಿ. ಬಣ್ಣ ಗುರುತಿಸಲು 4000 ಅನುಕೂಲ. ಪೊಟ್ಟಣದ ಮೇಲೆ ಸಿಆರ್‌ಐ 90 ಅಥವಾ ಹೆಚ್ಚು ಎಂದಿದ್ದರೆ ಸೀರೆಯ ಬಣ್ಣ ಹಗಲಿನಲ್ಲಿ ಕಂಡದ್ದಕ್ಕೆ ಹತ್ತಿರವಾಗಿ ಕಾಣುತ್ತದೆ. ನೀಲಿಛಾಯೆಯ ಬೆಳಕಿಗೆ ಕೀಟಗಳು ಹೆಚ್ಚು ಮುತ್ತುತ್ತವೆ, ಹಳದಿ ಛಾಯೆಗೆ ಕಡಿಮೆ. ಮಳೆಗಾಲದಲ್ಲಿ ದೀಪದ ಹುಳು ಹೆಚ್ಚಾಗಿ ಬರುವ ಮನೆಯವರು 3000ದ್ದನ್ನೇ ಆರಿಸಿಕೊಳ್ಳುವುದು ಲೇಸು.

ಕೂಡಿಸುವ ಕ್ರಮ

1. ಕಪಾಟು ಪೂರ್ತಿ ಖಾಲಿ ಮಾಡಿ, ಒಣಬಟ್ಟೆಯಿಂದ ಒರೆಸಿರಿ.

2. ಪಟ್ಟಿಯನ್ನು ಸುರುಳಿ ಬಿಚ್ಚಿ ಅಡಾಪ್ಟರಿಗೆ ಜೋಡಿಸಿ, ಹೊತ್ತುವುದೋ ಎಂದು ನೋಡಿರಿ. ಸುರುಳಿಯಲ್ಲೇ ಬಹಳ ಹೊತ್ತು ಉರಿಸಿದರೆ ಕಾಯುತ್ತದೆ.

3. ಪ್ಲಗ್ ತೆಗೆದು, ಕತ್ತರಿ ಗುರುತಿರುವ ಗೆರೆಯಲ್ಲೇ ಪಟ್ಟಿಯನ್ನು ಕತ್ತರಿಸಿರಿ. ಮೀಟರಿಗೆ 60 ದೀಪವಿರುವ 12 ವೋಲ್ಟಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ದೀಪಕ್ಕೊಂದರಂತೆ, ಅಂದರೆ 5 ಸೆಂಟಿಮೀಟರಿಗೊಂದು ಗೆರೆ ಇರುತ್ತದೆ.

4. ಚಾನೆಲ್ಲನ್ನು ಬಾಗಿಲ ಚೌಕಟ್ಟಿನ ಒಳಮಗ್ಗುಲಿಗೆ, ಬೆಳಕು ಹಿಂದಕ್ಕೆ ಬೀಳುವಂತೆ ನಿಲ್ಲಿಸಿ ಸ್ಕ್ರೂ ಹಾಕಿರಿ. ಹಿಂಗೋಡೆಗೆ ಹಾಕಿದರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಮೇಲ್ಗಡೆ ಮಾತ್ರ ಹಾಕಿದರೆ ಮೊದಲ ಹಲಗೆಯೇ ಅದನ್ನು ತಡೆಯುತ್ತದೆ. ಚಾನೆಲ್ ಶಾಖವನ್ನೂ ಹೀರುತ್ತದೆ, ಅರಿವೆಯನ್ನೂ ದೂರ ಇಡುತ್ತದೆ.

5. ಪಟ್ಟಿ ಅಂಟಿಸಿ ಕೂಡು, ಕಳೆ ಗುರುತು ನೋಡಿ ಜೋಡಿಸಿರಿ. ಅದಲುಬದಲಾದರೆ ದೀಪ ಹೊತ್ತುವುದಿಲ್ಲ. ಜೋಡಣೆ ಬಿಗಿಯಾಗಿರಲಿ, ಸಡಿಲವಾದ ಕಡೆಯೇ ಕಾಯುವುದು.

6. ವಾಯರ್ ಹೊರಬರುವ ತೂತಿಗೆ ರಬ್ಬರ್ ಬಳೆ ಹಾಕಿರಿ. ಅಡಾಪ್ಟರನ್ನು ಕಪಾಟಿನ ಹೊರಗೆ, ಗಾಳಿಯಾಡುವಲ್ಲಿ ಇಟ್ಟು ಹತ್ತಿರದ ಸಾಕೆಟ್ಟಿಗೆ ಕೊಡಿರಿ. ಸಾಕೆಟ್ ಇಲ್ಲದಿದ್ದರೆ ಆ ಒಂದು ಕೆಲಸವನ್ನು ಪರವಾನಗಿ ಇರುವ ವಾಯರ್‌ಮನ್‌ಗೇ ಬಿಡಬೇಕು.

7. ಬಾಗಿಲ ಸ್ವಿಚ್ಚನ್ನು ಅಡಾಪ್ಟರ್ ಮತ್ತು ಪಟ್ಟಿಯ ನಡುವೆ ಜೋಡಿಸಿರಿ.

ಕೊನೆಯ ಪರೀಕ್ಷೆ

ಅರಿವೆ ತಿರುಗಿ ಇಡುವ ಮೊದಲು ಬಾಗಿಲು ತೆರೆದು ಒಂದು ತಾಸು ದೀಪ ಉರಿಯಲಿ. ಪಟ್ಟಿ, ಜೋಡಣೆ, ಅಡಾಪ್ಟರ್ ಮುಟ್ಟಿ ನೋಡಿರಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾರದಷ್ಟು ಬಿಸಿಯಾದರೆ ಪ್ಲಗ್ ತೆಗೆದು ಕಾರಣ ಹುಡುಕಬೇಕು.

ಬಾಗಿಲು ಮುಚ್ಚಿದ ಮೇಲೆ ದೀಪ ನಿಜವಾಗಿ ಆರಿತೇ? ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಒಳಗಿಟ್ಟು, ಬಾಗಿಲು ಮುಚ್ಚಿ, ತೆಗೆದು ನೋಡಿರಿ. ಚಿತ್ರ ಕತ್ತಲಾಗಿದ್ದರೆ ಸರಿ. ಇದು ಬರಿಯ ಉಳಿತಾಯದ ಮಾತಲ್ಲ. ದಿನಕ್ಕೆ ಕಾಲು ತಾಸು ಉರಿದರೆ 17 ವ್ಯಾಟಿನ ದೀಪಕ್ಕೆ ವರ್ಷಕ್ಕೆ ಎರಡು ಯುನಿಟ್ ಕೂಡ ಬೇಡ. ಹಗಲಿರುಳು ಉರಿದರೆ ಸುಮಾರು 150 ಯುನಿಟ್. ಅದಕ್ಕಿಂತ ದೊಡ್ಡ ನಷ್ಟ ಸೀರೆಯದು. ಬೆಳಕಿನಿಂದ ಬಣ್ಣ ಮಾಸುವುದು ದಿನದಿನಕ್ಕೂ ಕೂಡುತ್ತ ಹೋಗುತ್ತದೆ, ಮರಳಿ ಬರುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ರೇಷ್ಮೆಯ ಮೇಲೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಗೊಡುವುದಿಲ್ಲ. ಅಜ್ಜಿಯ ಕಾಲದ ಇಳಕಲ್ಲು, ಪೈಠಣಿಗಳನ್ನು ಮಲ್ಲಿನ ಬಟ್ಟೆಯಲ್ಲಿ ಸುತ್ತಿಡುವ ನಮ್ಮ ತಾಯಂದಿರ ರೂಢಿಯನ್ನು ಹೊಸ ದೀಪ ಬಂತೆಂದು ಬಿಡಬಾರದು.

ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಸಾರಿಸುವಾಗ, ಜೋಡಣೆಗಳನ್ನು ಮುಟ್ಟಿ ನೋಡಿ ಧೂಳು ಒರೆಸಿದರೆ ಸಾಕು. ಮನೆಯಲ್ಲಿ ಹಿರಿಯರಿದ್ದರೆ ಮೊದಲು ಅವರ ಕಪಾಟಿಗೆ ಈ ದೀಪ ಹಾಕಿರಿ. ಔಷಧದ ಡಬ್ಬಿ, ಜಪಮಾಲೆ, ಕನ್ನಡಕ, ಎಲ್ಲವೂ ಅವರ ಕೈಗೆ ತಾವಾಗಿ ಸಿಗಲಿ.