ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಷ್ಟು ದಿನ?

2025ರ ಸೆಪ್ಟೆಂಬರ್ 10ರ ನಸುಕಿನಲ್ಲಿ ಸುಮಾರು 20 ರಷ್ಯನ್ ಡ್ರೋನ್‌ಗಳು ಪೋಲೆಂಡ್‌ನ ಆಕಾಶಕ್ಕೆ ನುಗ್ಗಿದವು. ಪೋಲೆಂಡ್‌ನ ಎಫ್-16, ನೆದರ್ಲೆಂಡ್ಸ್‌ನ ಎಫ್-35 ಯುದ್ಧವಿಮಾನಗಳು ಮೇಲೇರಿದವು. ಇಟಲಿಯ ವಿಮಾನ ಕಣ್ಗಾವಲು ನಡೆಸಿತು. ಜರ್ಮನಿಯ ಪೇಟ್ರಿಯಟ್ ಕ್ಷಿಪಣಿಗಳು ಸಜ್ಜಾಗಿ ನಿಂತವು. ನ್ಯಾಟೊ ಒಕ್ಕೂಟದ ಈ ದೇಶಗಳು ಕೂಡಿ ಕೆಲವು ಡ್ರೋನ್‌ಗಳನ್ನು ಉರುಳಿಸಿದವು. ಆದರೆ ಬಂದವುಗಳಲ್ಲಿ ಹಲವು ಪ್ಲೈವುಡ್, ಥರ್ಮೋಕೋಲ್‌ನಂಥ ಹಗುರ ವಸ್ತುಗಳಿಂದ ಮಾಡಿದ ಅಗ್ಗದ ಯಂತ್ರಗಳು. ಅವನ್ನು ಹೊಡೆಯುವ ಕ್ಷಿಪಣಿಯೊಂದರ ಬೆಲೆಯೋ ಲಕ್ಷಾಂತರ ಡಾಲರ್. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದರೆ ಇದೇ ಅಲ್ಲವೆ?

ಚಿಕ್ಕ ಡ್ರೋನ್ ತೀರಾ ಕೆಳಗೆ, ನಿಧಾನವಾಗಿ ಹಾರುತ್ತದೆ. ರಾಡಾರ್‌ಗೆ ಅದು ಹಕ್ಕಿಯೋ ಯಂತ್ರವೋ ಎಂದು ತಿಳಿಯುವುದೇ ಕಷ್ಟ.

ಇಂಥ ಸವಾಲು ಹೊಸತಲ್ಲ. 1944ರ ಜೂನ್ 13ರಿಂದ ಜರ್ಮನಿ ಲಂಡನ್ ಮೇಲೆ ವಿ-1 ಎಂಬ ಪೈಲಟ್‌ರಹಿತ ಹಾರುವ ಬಾಂಬುಗಳನ್ನು ಬಿಡತೊಡಗಿತು. ಬ್ರಿಟನ್ 1940ರಲ್ಲೇ ತನ್ನ ರಾಡಾರ್ ರಹಸ್ಯಗಳನ್ನು ಅಮೆರಿಕಕ್ಕೆ ಒಪ್ಪಿಸಿತ್ತು. ಅಮೆರಿಕ ಅವನ್ನು ಬೆಳೆಸಿ, ಗುರಿಯನ್ನು ತಾನೇ ಹಿಂಬಾಲಿಸುವ ರಾಡಾರನ್ನೂ ಗುರಿಯ ಸಮೀಪ ತಾನಾಗಿ ಸಿಡಿಯುವ ಗುಂಡುಗಳನ್ನೂ ಕಳುಹಿಸಿತು. ತೋಪುಗಳನ್ನು ಕರಾವಳಿಗೆ ಸಾಗಿಸಲಾಯಿತು. ಆಗಸ್ಟ್ 28ರಂದು ಬಂದ 90ಕ್ಕೂ ಹೆಚ್ಚು ಬಾಂಬುಗಳಲ್ಲಿ ಲಂಡನ್ ತಲುಪಿದ್ದು ನಾಲ್ಕೇ.

ಇಂದು ಗುರುವಿನ ಸ್ಥಾನದಲ್ಲಿರುವುದು ಯುದ್ಧದಲ್ಲಿ ಬೆಂದ ಉಕ್ರೇನ್. ಅಲ್ಲಿ ಕಂಬಗಳ ಮೇಲೆ ಕೂರಿಸಿದ ಸಾವಿರಾರು ಮೈಕುಗಳು ಡ್ರೋನ್ ಎಂಜಿನ್ನಿನ ಸದ್ದನ್ನು ಆಲಿಸುತ್ತವೆ. ಕಂಪ್ಯೂಟರ್ ಅದರ ದಾರಿಯನ್ನು ಲೆಕ್ಕ ಹಾಕುತ್ತದೆ. ಜೀಪು, ಪಿಕ್‌ಅಪ್‌ಗಳಲ್ಲಿ ಮೆಷಿನ್‌ಗನ್ ಹೊತ್ತ ತಂಡಗಳು ಅತ್ತ ಧಾವಿಸುತ್ತವೆ. ಡ್ರೋನನ್ನು ಹೊಡೆಯುವ ಅಗ್ಗದ ಡ್ರೋನ್‌ಗಳೂ ಇವೆ. 2025ರ ಸೆಪ್ಟೆಂಬರ್ 22ರಂದು ಗುರುತು ಸಿಗದ ಡ್ರೋನ್‌ಗಳಿಂದಾಗಿ ಕೋಪನ್‌ಹೇಗನ್ ವಿಮಾನ ನಿಲ್ದಾಣ ಸುಮಾರು ನಾಲ್ಕು ಗಂಟೆ ಮುಚ್ಚಿತು. ಸ್ವಲ್ಪ ದಿನದಲ್ಲೇ ಯುರೋಪಿನ ನಾಯಕರ ಸಭೆ ಅಲ್ಲಿ ಸೇರಬೇಕಿತ್ತು. ಸ್ವೀಡನ್ ಡ್ರೋನ್ ತಡೆಯುವ ಸಾಧನ ಕೊಟ್ಟಿತು. ಉಕ್ರೇನ್ ತನ್ನ ಅನುಭವಿಗಳನ್ನೇ ಕಳುಹಿಸಿತು.

ತೊಡಕು ಇರುವುದು ಮುಂದೆ. ರೇಡಿಯೊ ಸಂಕೇತ ಕೆಡಿಸಿ ಡ್ರೋನ್ ಬೀಳಿಸುವ ವಿದ್ಯೆಯನ್ನು ಪ್ರತಿ ದೇಶವೂ ಗುಟ್ಟಾಗಿಡುತ್ತದೆ. ಶತ್ರುವೋ ಹೊಸ ತರಂಗಾಂತರಕ್ಕೆ ಜಿಗಿಯುತ್ತಾನೆ. ಕೂದಲೆಳೆಯಂಥ ಗಾಜಿನ ತಂತಿ ಬಿಚ್ಚುತ್ತ ಹಾರುವ ಡ್ರೋನಿಗಂತೂ ಆ ವಿದ್ಯೆ ನಾಟುವುದೇ ಇಲ್ಲ. ಗುಟ್ಟನ್ನು ಕಾಪಾಡಿ ಹಳೆಯದಾದ ಮೇಲೆ ಹಂಚಿದರೆ ಯಾರಿಗೂ ಪ್ರಯೋಜನವಿಲ್ಲ. 1944ರಲ್ಲಿ ಲಂಡನ್ ಉಳಿದದ್ದು ತೋಪುಗಳಿಂದ ಮಾತ್ರವಲ್ಲ, ನಾಲ್ಕು ವರ್ಷ ಮೊದಲೇ ಹಂಚಿಕೊಂಡ ರಹಸ್ಯದಿಂದಲೂ.